ಬ್ರಸೆಲ್ಸ್‌ಗೆ ಶಿಫ್ಟ್ ಆಗ್ತಿದೀವಿ, 2 ಚಿಕ್ಕ ಮಕ್ಕಳು, ಯಾವ ಏರಿಯಾದಲ್ಲಿ ಮನೆ ನೋಡೋದು?

ಹಾಸನದವಳು

ಎಲ್ರಿಗೂ ನಮಸ್ಕಾರ. ಬೆಲ್ಜಿಯಂನಲ್ಲಿರೋ ಕನ್ನಡದವ್ರು ಯಾರಾದ್ರೂ ಇದ್ರೆ ದಯವಿಟ್ಟು ಸ್ವಲ್ಪ ಹೇಳಿ. ನಮ್ಮನೆಯವ್ರಿಗೆ ಬ್ರಸೆಲ್ಸ್ ಪ್ರಾಜೆಕ್ಟ್ ಬಂದಿದೆ, ಆಫೀಸು ಡೀಗೆಮ್ ಅನ್ನೋ ಕಡೆ, ಏರ್‌ಪೋರ್ಟ್ ಹತ್ರ ಅಂತೆ. ಆಗಸ್ಟ್ ಮೊದಲನೇ ವಾರ ಹೊರಡ್ತೀವಿ. ಸದ್ಯಕ್ಕೆ 2 ವರ್ಷ ಅಂದಿದಾರೆ, ಎಕ್ಸ್‌ಟೆಂಡ್ ಆದ್ರೂ ಆಗ್ಬಹುದು, ಅದು ನಮ್ಮ ಕೈಲಿಲ್ಲ. ಮೊದಲ ಒಂದು ತಿಂಗಳು ಕಂಪ್ನಿಯವ್ರೇ ಫ್ಲ್ಯಾಟ್ ಕೊಡ್ತಾರೆ, ಅಷ್ಟ್ರೊಳಗೆ ನಾವು ಮನೆ ಹುಡುಕ್ಕೋಬೇಕು.

ಮಗಳಿಗೆ ಫೆಬ್ರವರಿಗೆ 5 ತುಂಬ್ತು, ಇಲ್ಲಿ ವಿಜಯನಗರದಲ್ಲಿ ಎಲ್‌ಕೆಜಿ ಮುಗಿಸಿದಾಳೆ. ಮಗನಿಗೆ ಈಗ 14 ತಿಂಗಳು. ನಮ್ಮ ಅತ್ತೆ ಕೂಡ ಅಕ್ಟೋಬರ್‌ಗೆ 3 ತಿಂಗಳು ಬರ್ತಾರೆ, ಅವ್ರಿಗೆ ಮಂಡಿ ನೋವು. ಕಾರು ತಗೊಳೋ ಯೋಚನೆ ಇಲ್ಲ, ನನಗೆ ಡ್ರೈವಿಂಗ್ ಬರಲ್ಲ.

ನಮ್ಮನೆಯವ್ರ ಟೀಮಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಒಬ್ರು ಎವೆರ್ ನೋಡಿ ಆಫೀಸಿಗೆ ಹತ್ರ ಅಂತಾರೆ, ಇನ್ನೊಬ್ರು ವೊಲುವೆ ಬಿಟ್ಟು ಬೇರೆ ಕಡೆ ಹೋಗಲೇಬೇಡಿ ಅಂತಾರೆ, ಮತ್ತೊಬ್ರು ಬ್ರಸೆಲ್ಸೇ ಬೇಡ ಜಾವೆಂಟೆಮ್‌ನಲ್ಲಿ ಬಾಡಿಗೆ ಕಮ್ಮಿ ಅಂತಾರೆ. ಒಂದು ಕಡೆ ಫ್ರೆಂಚ್, ಒಂದು ಕಡೆ ಡಚ್ ಅಂತಾರೆ, ಮ್ಯಾಪ್ ನೋಡಿದ್ರೆ ಒಂದೇ ಊರಿಗೆ ಎರಡೆರಡು ಹೆಸರು, ನಾನು ಒಂದಿನ ಪೂರ್ತಿ ಎಲ್ಸೆನೆ ಮತ್ತು ಇಕ್ಸೆಲ್ ಬೇರೆ ಬೇರೆ ಜಾಗ ಅಂದ್ಕೊಂಡು ಬಾಡಿಗೆ ಹೋಲಿಸ್ತಾ ಕೂತಿದ್ದೆ, ಆಮೇಲೆ ಗೊತ್ತಾಯ್ತು ಎರಡೂ ಒಂದೇ ಅಂತ.

ನಿಜ ಹೇಳ್ಬೇಕಂದ್ರೆ ನನಗಿರೋ ಭಯ ಬಾಡಿಗೆದಲ್ಲ. ಮಗಳು ಮಾತು ಕಲಿತಿದ್ದೇ ಲೇಟು. 3 ವರ್ಷದವರೆಗೂ ಸರಿಯಾಗಿ ವಾಕ್ಯ ಮಾಡ್ತಿರ್ಲಿಲ್ಲ, ಈಗ ಕನ್ನಡ ಚೆನ್ನಾಗಿ ಮಾತಾಡ್ತಾಳೆ, ಇಂಗ್ಲಿಷ್ ಅಷ್ಟಿಷ್ಟು. ಇಂಥ ಮಗೂನ ಒಂದಕ್ಷರ ಅರ್ಥ ಆಗದೇ ಇರೋ ಕ್ಲಾಸಲ್ಲಿ ಕೂರಿಸ್ಬೇಕಲ್ಲ ಅಂತ ರಾತ್ರಿ ನಿದ್ದೆ ಬರಲ್ಲ. ಇಂಟರ್‌ನ್ಯಾಷನಲ್ ಸ್ಕೂಲ್ ಫೀಸ್ ಕೇಳಿದ್ವಿ, ಕಂಪ್ನಿ ಕೊಡಲ್ಲ, ನಮ್ಮ ಕೈಲಿ ಆಗೋದಲ್ಲ. ಅನುಭವ ಇರೋರು ಹೇಳಿ, ಏನು ಮಾಡೋದು.

ವೊಲುವೆ_9_ವರ್ಷ

ನಮಸ್ಕಾರ ಮೇಡಂ. ನಾನು ಮೈಸೂರಿನವನು, 9 ವರ್ಷದಿಂದ ಇಲ್ಲಿದೀನಿ, ಇಬ್ರು ಮಕ್ಕಳೂ ಇಲ್ಲೇ ಸರ್ಕಾರಿ ಫ್ರೆಂಚ್ ಸ್ಕೂಲಲ್ಲಿ ಓದ್ತಿದಾರೆ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಾವು ಬಂದಾಗ ಇದನ್ನ ಯಾರೂ ಹೇಳ್ಲಿಲ್ಲ, ಅದಕ್ಕೇ ಒಂದು ವರ್ಷ ಒದ್ದಾಡಿದ್ವಿ: ಮನೆ ಆಮೇಲೆ ನೋಡಿ, ಮಗು ಯಾವ ಭಾಷೆ ಸ್ಕೂಲಿಗೆ ಹೋಗುತ್ತೆ ಅನ್ನೋದನ್ನ ಮೊದಲು ತೀರ್ಮಾನ ಮಾಡಿ. ಅದಾದ್ಮೇಲೆ ಏರಿಯಾ ತಾನಾಗೇ 3-4ಕ್ಕೆ ಇಳಿಯುತ್ತೆ.

ಯಾಕಂದ್ರೆ ಬ್ರಸೆಲ್ಸ್ ಅಂತ ನಾವು ಅನ್ನೋದು 19 ಕಮ್ಯೂನ್ ಸೇರಿ ಆಗಿರೋದು. ಕಮ್ಯೂನ್ ಅಂದ್ರೆ ನಮ್ಮ ಪುರಸಭೆ ತರ, ಪ್ರತಿಯೊಂದಕ್ಕೂ ಮೇಯರ್, ಆಫೀಸು ಎಲ್ಲ ಬೇರೆ. ಈ 19ರಲ್ಲೂ ಫ್ರೆಂಚ್ ಡಚ್ ಎರಡೂ ಅಧಿಕೃತ, ಬೋರ್ಡೆಲ್ಲ ಎರಡರಲ್ಲೂ ಇರುತ್ತೆ, ನೀವು ನೋಡಿದ ಎರಡು ಹೆಸರು ಅದೇ. ಆದ್ರೆ ಸ್ಕೂಲು ಮಾತ್ರ ಒಂದೋ ಫ್ರೆಂಚ್, ಇಲ್ಲಾ ಡಚ್. ಎರಡಕ್ಕೂ ಬೇರೆ ಬೇರೆ ಸರ್ಕಾರ, ಬೇರೆ ಸಿಲಬಸ್, 2022ರಿಂದ ರಜಾನೂ ಬೇರೆ. ಫ್ರೆಂಚ್ ಸ್ಕೂಲಿನೋರು 7 ವಾರ ಪಾಠ 2 ವಾರ ರಜಾ ಅನ್ನೋ ಲೆಕ್ಕಕ್ಕೆ ಹೋದ್ರು, ಆಗಸ್ಟ್ ಕೊನೆಗೇ ಶುರು ಮಾಡ್ತಾರೆ, ಡಚ್‌ನೋರು ಹಳೇ ತರ ಸೆಪ್ಟೆಂಬರ್ 1. ನಮ್ಮ ಪಕ್ಕದ ಮನೇಲಿ ಒಂದು ಮಗು ಅಲ್ಲಿ ಒಂದು ಮಗು ಇಲ್ಲಿ ಓದ್ತಿದೆ, ಪಾಪ ಆ ತಾಯಿ ವರ್ಷ ಪೂರ್ತಿ ರಜಾ ಹೊಂದಿಸೋದ್ರಲ್ಲೇ ಇರ್ತಾರೆ. ಇಂಗ್ಲಿಷ್ ಮೀಡಿಯಂ ಸರ್ಕಾರಿ ಸ್ಕೂಲು ಇಲ್ಲ. ಯುರೋಪಿಯನ್ ಸ್ಕೂಲ್ ಅಂತ ಉಕ್ಕಲ್, ಇಕ್ಸೆಲ್, ಲಾಕನ್, ವೊಲುವೆಲೆಲ್ಲ ಇದೆ, ಅವು ಮುಖ್ಯವಾಗಿ ಯುರೋಪಿಯನ್ ಯೂನಿಯನ್ ಸಂಸ್ಥೆಗಳ ನೌಕರರ ಮಕ್ಕಳಿಗೆ, ನಮ್ಮಂಥವ್ರು ಅದನ್ನ ನಂಬ್ಕೊಂಡು ಬರ್ಬಾರ್ದು.

ಊರಿನ ಗಡಿ ದಾಟಿದ್ರೆ ಅದು ಫ್ಲಾಂಡರ್ಸ್, ಅಲ್ಲಿ ಡಚ್ ಮಾತ್ರ. ನಿಮ್ಮ ಡೀಗೆಮ್, ಜಾವೆಂಟೆಮ್ ಎರಡೂ ಆ ಕಡೆಗೇ ಬರುತ್ತೆ. ಎವೆರ್ ಈ ಕಡೆ. ನಡೆದು ಹೋಗೋ ದೂರ, ಆದ್ರೆ ಮಗುವಿನ ಭಾಷೆ, ಕಮ್ಯೂನಿನ ಪತ್ರ, ಚೈಲ್ಡ್ ಬೆನಿಫಿಟ್ ಲೆಕ್ಕ, ಬಾಡಿಗೆ ಕಾನೂನು ಎಲ್ಲಾ ಬದಲಾಗುತ್ತೆ.

ನಿಮ್ಮ ಮಗಳ ವಿಷ್ಯಕ್ಕೆ ಬರ್ತೀನಿ, ಇದು ಒಳ್ಳೇ ಸುದ್ದಿ. ಇಲ್ಲಿ ಕ್ಲಾಸ್ ನಿರ್ಧಾರ ಆಗೋದು ಹುಟ್ಟಿದ ಕ್ಯಾಲೆಂಡರ್ ವರ್ಷದ ಮೇಲೆ. ಯಾವ ವರ್ಷ 6 ತುಂಬುತ್ತೋ ಆ ವರ್ಷ ಒಂದನೇ ಕ್ಲಾಸು. ಅಂದ್ರೆ ನಿಮ್ಮ ಮಗಳು ಈ ವರ್ಷ ಮೂರನೇ ಮಾತೆರ್ನೆಲ್‌ಗೆ ಹೋಗ್ತಾಳೆ, ನಮ್ಮ ಯುಕೆಜಿ ಇದ್ದ ಹಾಗೆ. 2020ರಿಂದ 5 ವರ್ಷಕ್ಕೇ ಸ್ಕೂಲ್ ಕಡ್ಡಾಯ, ಹಾಗಾಗಿ ಕಳಿಸಲೇಬೇಕು. ಆ ವರ್ಷ ಪೂರ್ತಿ ಹಾಡು, ಬಣ್ಣ, ಮಣ್ಣು, ಕತ್ತರಿ, ಗೋಂದು, ಇಷ್ಟೇ. ಓದು ಬರಹದ ಒತ್ತಡ ಇಲ್ಲ. ಒಂದನೇ ಕ್ಲಾಸಿಗೆ ಬರೋ ಅಷ್ಟ್ರಲ್ಲಿ ಭಾಷೆ ಕಿವಿಗೆ ಬಿದ್ದಿರುತ್ತೆ. ನೀವು ಬರ್ತಿರೋ ವಯಸ್ಸೇ ಸರಿಯಾದ ವಯಸ್ಸು, ಇನ್ನೊಂದು ವರ್ಷ ತಡ ಮಾಡಿದ್ರೆ ಭಾಷೆನೂ ಕಲೀಬೇಕು ಓದೋದನ್ನೂ ಕಲೀಬೇಕು ಅಂತಾಗ್ತಿತ್ತು. ಮಗ ಎರಡೂವರೆ ಆದ ತಕ್ಷಣ ಅವನೂ ಮಾತೆರ್ನೆಲ್ ಸೇರ್ಬಹುದು, ಅಲ್ಲೂ ಫೀಸಿಲ್ಲ, ಊಟದ ಹೊತ್ತಿನ ನಿಗಾ, ಸಂಜೆ ಗಾರ್ಡೆರಿಗೆ (ಸ್ಕೂಲ್ ಬಿಟ್ಮೇಲೆ ಮಕ್ಕಳನ್ನ ಅಲ್ಲೇ ನೋಡ್ಕೊಳೋದು) ಮಾತ್ರ ಸ್ವಲ್ಪ ಕೊಡ್ಬೇಕು.

ಫ್ರೆಂಚ್ ಅಂತ ತೀರ್ಮಾನ ಆದ್ರೆ ನನ್ನ ಅಭಿಪ್ರಾಯದಲ್ಲಿ ವೊಲುವೆ ಸ್ಯಾಂ ಲಾಂಬೇರ್, ವೊಲುವೆ ಸ್ಯಾಂ ಪಿಯೇರ್, ಔಡರ್‌ಗೆಮ್ ನೋಡಿ. ಮೆಟ್ರೋ 1 ಸ್ಟೊಕ್ಕೆಲ್‌ವರೆಗೂ ಹೋಗುತ್ತೆ, ಮೆಟ್ರೋ 5 ಔಡರ್‌ಗೆಮ್ ಕಡೆ ಹರ್ಮನ್ ಡೆಬ್ರೂವರೆಗೆ. ವೊಲುವೆ ಪಾರ್ಕು, ಮೆಲ್ಲಾರ್ಟ್ಸ್ ಕೆರೆ ಎಲ್ಲ ನಡೆಯೋ ದೂರ. ಮೊಂಟ್‌ಗೊಮರಿಯಿಂದ ಟರ್ವುರೆನ್‌ಗೆ ಹೋಗೋ 44 ನಂಬರ್ ಟ್ರಾಮ್ ಕಾಡಿನ ಮಧ್ಯೆನೇ ಹೋಗುತ್ತೆ, ಭಾನುವಾರ ಮಕ್ಕಳನ್ನ ಅದರಲ್ಲಿ ಕೂರಿಸ್ಕೊಂಡು ಹೋದ್ರೆ ಅದೇ ಒಂದು ಪ್ರವಾಸ, ಅಕ್ಟೋಬರ್ ಕೊನೆಗೆ ಬೀಚ್ ಮರಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿರುತ್ತೆ, ನಿಮ್ಮ ಅತ್ತೆ ಬಂದಾಗ ತಪ್ಪದೇ ಕರ್ಕೊಂಡು ಹೋಗಿ. ಸ್ಯಾಂ ಲೂಕ್ ಆಸ್ಪತ್ರೆನೂ ಸ್ಯಾಂ ಲಾಂಬೇರಲ್ಲೇ ಇದೆ. ಬಾಡಿಗೆ ಜಾಸ್ತಿ, ಅದನ್ನ ಮುಚ್ಚಿಡಲ್ಲ, ನಾವು 2 ಬೆಡ್‌ರೂಮಿಗೆ 1,400 ಯೂರೋ ಕಟ್ತಿದೀವಿ, ಚಾರ್ಜಸ್ ಬೇರೆ.

ಎವೆರ್ ಕೆಟ್ಟದ್ದಲ್ಲ, ಇಂಡಿಯನ್ ಫ್ಯಾಮಿಲಿಗಳೂ ಇದಾವೆ, ಆದ್ರೆ ವಿಮಾನದ ಸದ್ದು ನೋಡ್ಕೊಳಿ. ಗಾಳಿ ದಿಕ್ಕು ಬದಲಾದ್ರೆ ವಿಮಾನ ಏರೋ ಇಳಿಯೋ ದಾರಿ ಬದಲಾಗುತ್ತೆ, ಹಾಗಾಗಿ ಒಂದು ಮಧ್ಯಾಹ್ನ ಹೋಗಿ ನೋಡಿ ಶಾಂತವಾಗಿದೆ ಅಂತ ಸಹಿ ಹಾಕ್ಬೇಡಿ. ಬೆಳಿಗ್ಗೆ 6 ಗಂಟೆಗೆ ಒಂದ್ಸಲ ಆ ರಸ್ತೇಲಿ ನಿಂತು ನೋಡಿ.

ಧಾರವಾಡ_ಟು_ಜಾವೆಂಟೆಮ್

ಅಕ್ಕಾರ, ಮೇಲೆ ಅವರು ಹೇಳಿದ್ದು ಖರೇನ ಅದ, ಆದ್ರ ಒಂದು ಬಾಜೂ ಅಷ್ಟ ಹೇಳ್ಯಾರ, ನಾ ಇನ್ನೊಂದು ಬಾಜೂ ಹೇಳ್ತೀನಿ ನೋಡ್ರಿ. ನಾವು ಜಾವೆಂಟೆಮ್‌ನ್ಯಾಗ ಇರೋದು 6 ವರ್ಷ ಆತು. ನನ್ನ ಆಫೀಸೂ ಡೀಗೆಮ್ ಕಡೇನ. ಸೈಕಲ್ ಮ್ಯಾಲೆ 15 ನಿಮಿಷ. ಸಂಜಿ 5:30ಕ್ಕ ಮನ್ಯಾಗ ಇರ್ತೀನಿ, ಹುಡುಗೂರ ಜೋಡಿ ಆಟ ಆಡ್ತೀನಿ, ಇದಕ್ಕಿಂತ ಬ್ಯಾರೆ ಏನ್ ಬೇಕ್ರಿ. ಬ್ರಸೆಲ್ಸ್ ಒಳಗಿಂದ ಬರೋ ನಮ್ಮ ಟೀಮಿನವರು ರಿಂಗ್ ರೋಡಿನ ಟ್ರಾಫಿಕ್‌ನ್ಯಾಗ ಸಿಕ್ಕೊಂಡು ಒಂದೊಂದು ದಿನ ಒಂದು ತಾಸು ಮಾಡ್ತಾರ.

ಇಲ್ಲಿ ಎಲ್ಲಾ ಡಚ್. ಗೆಮೆಂಟೆ (ಕಮ್ಯೂನಿಗೆ ಡಚ್‌ನ್ಯಾಗ ಹಿಂಗಂತಾರ) ಆಫೀಸಿಗೆ ಹೋದ್ರ ಅವರು ಡಚ್‌ನ್ಯಾಗ ಮಾತಾಡ್ತಾರ, ಪತ್ರ ಡಚ್‌ನ್ಯಾಗ ಬರ್ತಾವ. ಮೊದಲ ವರ್ಷ ನಮಗೂ ಬ್ಯಾಸರ ಆತು, ಇಂಗ್ಲಿಷ್ ಬರ್ತದ ಅಂದ್ರೂ ಯಾಕ ಮಾತಾಡಂಗಿಲ್ಲ ಅಂತ. ಆಮ್ಯಾಲೆ ತಿಳೀತು, ಅದು ಅವರ ಸೊಕ್ಕಲ್ಲ, ಅದು ಕಾಯ್ದೆ. 1962-63ರಾಗ ಇಲ್ಲಿ ಭಾಷಾ ಗಡಿ ಎಳದಾರ, ಗಡಿ ಈ ಕಡೆ ಆಡಳಿತ ಡಚ್, ಆ ಕಡೆ ಫ್ರೆಂಚ್. ಬೆಳಗಾವಿ ಬಾಜೂಕ ಬೆಳದವನಿಗೆ ಇದು ತಿಳಿಯೋದು ಭಾಳ ಸರಳ. ಒಂದು ಊರಿನ ಬೋರ್ಡಿನ ಮ್ಯಾಲೆ ಯಾವ ಭಾಷಾ ಇರಬೇಕು ಅನ್ನೋದು ಮಂದಿಗೆ ಎಷ್ಟು ಮನಸಿಗೆ ಹತ್ತೋ ವಿಷಯ ಅಂತ ನಾವು ಸಣ್ಣಾವ್ರಿದ್ದಾಗಿಂದ ನೋಡೇವಿ. ಆ ತಿಳವಳಿಕಿ ಇಟ್ಕೊಂಡು ಎರಡು ಶಬ್ದ ಡಚ್ ಕಲ್ತು ಹೋದ್ರ, ಖೂಡೆನ್‌ಡಾಖ್ ಅಂತ ನಮಸ್ಕಾರ ಮಾಡಿದ್ರ ಸಾಕ್ರಿ, ಮುಂದ ಅವರ ಇಂಗ್ಲಿಷ್‌ನ್ಯಾಗ ಸಹಾಯ ಮಾಡ್ತಾರ. ನನಗ ಹಂಗ ಆಗೇತಿ, ಒಮ್ಮೆ ಅಲ್ಲ, ಭಾಳ ಸಲ.

ಕ್ರಾಯ್ನೆಮ್, ವೆಜೆಂಬೀಕ್ ಒಪ್ಪೆಮ್ ಸೇರಿ 6 ಕಮ್ಯೂನ್ ಅದಾವ, ಅವು ಫ್ಲಾಂಡರ್ಸ್‌ನ್ಯಾಗ ಇದ್ರೂ ಫ್ರೆಂಚ್ ಮಾತಾಡೋರಿಗೆ ಸವಲತ್ತು ಅದ, ಕಾಗದ ಪತ್ರ ಫ್ರೆಂಚ್‌ನ್ಯಾಗ ಕೇಳಿ ತಗೋಬಹುದು, ಸಣ್ಣ ಮಕ್ಕಳ ಫ್ರೆಂಚ್ ಸಾಲೀನೂ ಅದಾವ. ವೆಜೆಂಬೀಕಿಗೆ ಮೊಂಟ್‌ಗೊಮರಿಯಿಂದ 39 ಟ್ರಾಮ್ ಬರ್ತದ. ಹಸರು, ಶಾಂತ, ದೊಡ್ಡ ಮನಿ, ಬಾಡಿಗಿ ಮಾತ್ರ ಕಮ್ಮಿ ಅಲ್ಲ.

ಸಾಲಿ ಬಗ್ಗೆ ಹೇಳಬೇಕಂದ್ರ ನನ್ನ ಮಗಳು 4 ವರ್ಷಕ್ಕ ಕ್ಲೂಟರ್ ಸಾಲಿಗೆ, ಅಂದ್ರ ಡಚ್ ಮಾತೆರ್ನೆಲ್‌ಗೆ, ಸೇರಿದ್ಳು. ಟೀಚರ್‌ಗೆ ಯುಫ್ ಅಂತಾರ. ಆ ಯುಫ್ ಮೊದಲ ವಾರನ ನಮ್ಮನ್ನ ಕರದು ಕೂಡಿಸಿ, ನಿಮ್ಮ ಭಾಷಾದಾಗ ನೀರು, ಹಸಿವು, ಸಂಡಾಸ, ಅಮ್ಮ ಬರ್ತಾಳ, ನೋವು ಅನ್ನೋದಕ್ಕ ಏನಂತೀರಿ ಅಂತ ಕೇಳಿ ಬರಕೊಂಡ್ರು. ಮರುದಿನ ಹೋಗಿ ನೋಡಿದ್ರ ಅವರ ಟೇಬಲ್ ಮ್ಯಾಲೆ ಡಚ್ ಅಕ್ಷರದಾಗ ‘ಅಮ್ಮ ಬರ್ತಾಳ’ ಅಂತ ಬರದು ಚೀಟಿ ಅಂಟಿಸ್ಯಾರ. ನನ್ನ ಹೆಂಡತಿ ಅಲ್ಲೇ ಅತ್ಲು. ಹಂಗಂತ ಎಲ್ಲಾ ಟೀಚರ್ ಹಂಗ ಇರ್ತಾರ ಅಂತ ನಾ ಹೇಳಂಗಿಲ್ಲ, ಆದ್ರ ಹೊರಗಿಂದ ಬಂದ ಮಕ್ಕಳನ್ನ ನೋಡಿ ಅವರಿಗೆ ರೂಢಿ ಅದ.

ಬುಧವಾರ ಮಧ್ಯಾಹ್ನ ಸಾಲಿ ಇರಂಗಿಲ್ಲ, ಇಡೀ ದೇಶದಾಗ ಹಂಗ. ಆ ದಿನ ಮಕ್ಕಳು ಫುಟ್‌ಬಾಲು, ಈಜು, ಸಂಗೀತ ಅಂತ ಹೋಗ್ತಾರ, ಅಲ್ಲೇ ಗೆಳೆತನ ಆಗೋದು. ಸಾಲಿಗೆ ಡಬ್ಬಿ ಒಯ್ತಾರ, ಎಲ್ಲರೂ ಬ್ರೆಡ್ಡ ತರ್ತಾರ, ನಮ್ಮಾಕಿ ಚಪಾತಿ ಸುರುಳಿ ಒಯ್ತಾಳ, ಶಾಕಾಹಾರಿಗೆ ಏನೂ ತ್ರಾಸಿಲ್ಲ.

ಕೊರತೀನೂ ಹೇಳ್ತೀನಿ. ಕಾರ್ ಇಲ್ಲ ಅಂದ್ರ ಜಾವೆಂಟೆಮ್‌ನ್ಯಾಗ ಭಾನುವಾರ ಕಷ್ಟ, ಬಸ್ ಕಮ್ಮಿ. ಮತ್ತ ನೀವು ಮುಂದ ನೌಕರಿ ಹುಡುಕೋರಿದ್ರ ಊರಾಗ ಫ್ರೆಂಚೂ ಬೇಕಾಗ್ತದ. 2 ವರ್ಷಕ್ಕ ವಾಪಸ್ ಹೋಗೋದು ಗ್ಯಾರಂಟಿ ಇದ್ರ ಡಚ್ ಕಲ್ತು ಏನ್ ಮಾಡೋದು ಅನ್ನೋ ಪ್ರಶ್ನೀನೂ ಅದ. ಇರ್ತೀವಿ ಅನ್ನೋರಿಗೆ ಮಾತ್ರ ನಾ ಈ ಕಡೆ ಬರ್ರಿ ಅಂತೀನಿ.

ಪುತ್ತೂರು_ಜೆಟ್

ನಾವು ಮಧ್ಯದ ದಾರಿ ಹಿಡಿದವರು, ಅದನ್ನೂ ಸ್ವಲ್ಪ ಕೇಳಿ. ಬ್ರಸೆಲ್ಸ್ ಒಳಗೇ ಇದ್ದುಕೊಂಡು ಮಗುವನ್ನು ಡಚ್ ಶಾಲೆಗೆ ಹಾಕ್ಲಿಕ್ಕೆ ಆಗ್ತದೆ. ನಾವಿರೋದು ಜೆಟ್‌ನಲ್ಲಿ, ಅದಕ್ಕೆ ಮೊದಲು 2 ವರ್ಷ ಸ್ಕಾರ್‌ಬೀಕ್‌ನಲ್ಲಿ ಇದ್ದೆವು. ಬೀದಿಯಲ್ಲಿ ಅಂಗಡಿಯಲ್ಲಿ ಫ್ರೆಂಚ್, ಶಾಲೆಯಲ್ಲಿ ಡಚ್, ಮನೆಯಲ್ಲಿ ಕನ್ನಡ ಮತ್ತು ಅಜ್ಜಿ ಹತ್ರ ತುಳು. ಮಗನಿಗೆ ಈಗ 8, ನಾಲ್ಕೂ ಬರ್ತದೆ, ಅವನಿಗದು ದೊಡ್ಡ ವಿಷಯ ಅಂತ ಅನ್ನಿಸುವುದೇ ಇಲ್ಲ. ಪುತ್ತೂರಿನಲ್ಲಿ ನಾವು ಬೆಳೆದದ್ದು ಹಾಗೇ ಅಲ್ವಾ, ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಒಂದು.

ಆದ್ರೆ ಬ್ರಸೆಲ್ಸಿನ ಡಚ್ ಶಾಲೆಗೆ ತುಂಬಾ ಡಿಮಾಂಡ್ ಉಂಟು. ಆನ್‌ಲೈನಲ್ಲಿ ಮೊದಲೇ ಹೆಸರು ಕೊಡ್ಬೇಕು, ಅಪ್ಪ ಅಮ್ಮನಲ್ಲಿ ಒಬ್ಬರಿಗಾದ್ರೂ ಡಚ್ ಬರುವ ಮನೆಯ ಮಕ್ಕಳಿಗೆ ಆದ್ಯತೆ. ಆಗಸ್ಟ್‌ನಲ್ಲಿ ಬರುವವರಿಗೆ ಉಳಿದ ಸೀಟು ಎಲ್ಲಿ ಉಂಟೋ ಅಲ್ಲಿ. ಹಾಗಾಗಿ ಈ ವರ್ಷ ನಿಮಗೆ ಕಷ್ಟ ಆಗ್ಬಹುದು. ಫ್ರೆಂಚ್ ಮಾತೆರ್ನೆಲ್‌ನಲ್ಲಿ ಸೀಟು ಸಿಗುವ ಸಾಧ್ಯತೆ ಹೆಚ್ಚು. ಈಗಲೇ ಮನೆ ಆಗದಿದ್ರೂ ಪರವಾಗಿಲ್ಲ, 4-5 ಶಾಲೆಗೆ ಮೇಲ್ ಹಾಕಿ ಸೀಟು ಉಂಟಾ ಕೇಳಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಶಾಲೆ ಆಫೀಸಲ್ಲಿ ಯಾರೂ ಇರುವುದಿಲ್ಲ, ಅದಕ್ಕೇ ಈಗಲೇ ಅಂದದ್ದು.

ಏರಿಯಾ ಬಗ್ಗೆ: ಎಲ್ಲರೂ ಪೂರ್ವದ ಕಡೆಯನ್ನೇ ಹೇಳ್ತಾರೆ, ಜೆಟ್ ಹೆಸರು ಯಾರೂ ಹೇಳುವುದಿಲ್ಲ, ನನಗೆ ಅದು ಬೇಜಾರು. ಇಲ್ಲಿ ರಾಜ ಬೌಡೌಯಿನ್ ಪಾರ್ಕು ಮನೆ ಬಾಗಿಲಲ್ಲೇ, ಭಾನುವಾರ ದೊಡ್ಡ ಸಂತೆ ಕೂಡ್ತದೆ, ಮಧ್ಯಾಹ್ನದ ಹೊತ್ತಿಗೆ ಟೊಮೇಟೊ ಮಾವಿನಹಣ್ಣು ಪೆಟ್ಟಿಗೆ ಲೆಕ್ಕದಲ್ಲಿ ಕೊಡ್ತಾರೆ. ಯೂಝೆಡ್ ಆಸ್ಪತ್ರೆ ಇಲ್ಲೇ, ಪಕ್ಕದ ಲಾಕನ್‌ನಲ್ಲಿ ರಾಣಿ ಫಾಬಿಯೋಲಾ ಹೆಸರಿನ ಮಕ್ಕಳ ಆಸ್ಪತ್ರೆ ಉಂಟು. ಬಾಡಿಗೆ ವೊಲುವೆಗಿಂತ ಕಡಿಮೆ. ಆದ್ರೆ ನಿಮ್ಮ ಯಜಮಾನರ ಆಫೀಸು ಊರಿನ ಇನ್ನೊಂದು ತುದಿ, ಅದೊಂದು ನೋಡ್ಬೇಕು. ಸ್ಕಾರ್‌ಬೀಕ್ ಬಗ್ಗೆ ಹೆದರಿಸುವವರು ಬಹಳ ಜನ, ಅದು ಒಂದೇ ತರದ ಜಾಗ ಅಲ್ಲ. ಸ್ಟೇಷನ್ ಹತ್ರದ ಬೀದಿ ಬೇರೆ, ಜೋಸಫಾ ಪಾರ್ಕಿನ ಸುತ್ತಮುತ್ತ ಬೇರೆ. ಆ ಪಾರ್ಕಿನಲ್ಲಿ ಕತ್ತೆಗಳಿದ್ದಾವೆ, ನನ್ನ ಮಗ ಇವತ್ತಿಗೂ ವಾರಕ್ಕೊಮ್ಮೆ ಅಲ್ಲಿಗೆ ಹೋಗ್ಬೇಕು ಅಂತಾನೆ. ಕಮ್ಯೂನಿನ ಹೆಸರು ನೋಡಿ ತೀರ್ಮಾನ ಮಾಡ್ಬೇಡಿ, ಬೀದಿ ನೋಡಿ. ಬುಧವಾರ ಮಧ್ಯಾಹ್ನ 3 ಗಂಟೆಗೆ ಆ ಏರಿಯಾದ ಆಟದ ಮೈದಾನದ ಬೆಂಚಲ್ಲಿ ಅರ್ಧ ಗಂಟೆ ಕೂತ್ಕೊಳ್ಳಿ, ಎಷ್ಟು ಮಕ್ಕಳು ಬರ್ತಾರೆ, ಅಮ್ಮಂದಿರು ಹೊಸಬರ ಹತ್ರ ಮಾತಾಡ್ತಾರಾ, ಅದು ಯಾವ ವೆಬ್‌ಸೈಟಲ್ಲೂ ಸಿಗುವುದಿಲ್ಲ.

ಅತ್ತೆಗೆ ಮಂಡಿ ನೋವು ಅಂದ್ರಲ್ಲ, ಇಲ್ಲಿನ ಹಳೇ ಮನೆಗಳು ಉದ್ದುದ್ದ, ಕಡಿದಾದ ಮೆಟ್ಟಿಲು, ಒಂದೊಂದು ಮಹಡಿ ಒಂದೊಂದು ಫ್ಲ್ಯಾಟ್, ಲಿಫ್ಟ್ ಇರುವುದಿಲ್ಲ. ಫೋಟೋದಲ್ಲಿ ಎತ್ತರದ ಸೀಲಿಂಗ್ ಮರದ ನೆಲ ನೋಡಿ ಆಸೆ ಪಡ್ಬೇಡಿ, ಸ್ಟ್ರಾಲರ್ ಮತ್ತು ಅಕ್ಕಿ ಚೀಲ ಹೊತ್ತು ಮೂರನೇ ಮಹಡಿ ಹತ್ತುವುದು ನೀವೇ.

ಬಾಡಿಗೆ ಕಾಗದ ಜಾಗ್ರತೆ. ಮಾಮೂಲಿ ಕರಾರು 9 ವರ್ಷದ್ದು, ಹೆದರ್ಬೇಡಿ, 3 ತಿಂಗಳು ನೋಟಿಸ್ ಕೊಟ್ಟು ಬಿಡ್ಬಹುದು, ಆದ್ರೆ ಮೊದಲ ವರ್ಷ ಬಿಟ್ರೆ 3 ತಿಂಗಳ ಬಾಡಿಗೆ, ಎರಡನೇ ವರ್ಷ 2, ಮೂರನೇ ವರ್ಷ 1 ತಿಂಗಳದ್ದು ಪರಿಹಾರ ಕಟ್ಬೇಕು. 3 ವರ್ಷದೊಳಗಿನ ಚಿಕ್ಕ ಕರಾರೂ ಉಂಟು, ಅದರ ನಿಯಮ ಬೇರೆ, ಓದಿ ಸಹಿ ಹಾಕಿ. ಬ್ರಸೆಲ್ಸಿನಲ್ಲಿ ಡೆಪಾಸಿಟ್ 2 ತಿಂಗಳದ್ದು, ಅದನ್ನು ನಿಮ್ಮ ಹೆಸರಿನ ಬ್ಲಾಕ್ ಆದ ಬ್ಯಾಂಕ್ ಖಾತೆಯಲ್ಲಿ ಇಡ್ಬೇಕು. ನಮ್ಮ ಮೊದಲ ಮನೆಯ ಓನರ್ ನನ್ನ ಖಾತೆಗೇ ಹಾಕಿ ಅಂದ್ರು, ನಮಗೆ ಗೊತ್ತಿರ್ಲಿಲ್ಲ, ಹಾಕಿದೆವು, ಬಿಡುವಾಗ ಗೋಡೆಯ ಒಂದು ಗೀರು ತೋರಿಸಿ ಅರ್ಧ ದುಡ್ಡು ಹಿಡಿದ್ರು. ಒಳಗೆ ಹೋಗುವ ದಿನ ಮನೆಯ ಸ್ಥಿತಿಯ ಪಟ್ಟಿ ಮಾಡ್ತಾರೆ, ಎತಾ ದೆ ಲಿಯೂ ಅಂತ, ಅದನ್ನು ಪೂರ್ತಿ ಮಾಡಿಸಿ, ನೀವೂ ನೂರು ಫೋಟೋ ತೆಗೆದಿಡಿ.

ಹಾಸನದವಳು

ಮೂರೂ ಜನಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ನಾನು ನಮ್ಮನೆಯವ್ರು ಇಬ್ರೂ ಕೂತು ಎರಡೆರಡು ಸಲ ಓದಿದ್ವಿ. ‘ಅಮ್ಮ ಬರ್ತಾಳ’ ಚೀಟಿ ಓದಿ ನನಗೂ ಕಣ್ಣಲ್ಲಿ ನೀರು ಬಂತು ಅಣ್ಣ. ಒಂದನೇ ಕ್ಲಾಸಲ್ಲ, ಯುಕೆಜಿ ತರಾನೇ ಅಂತ ಗೊತ್ತಾಗಿದ್ದು ಅರ್ಧ ಭಾರ ಇಳಿಸ್ತು.

2 ವರ್ಷದ ಲೆಕ್ಕ, ಕಾರಿಲ್ಲ, ಸೀಟು ಸಿಗೋ ಸಾಧ್ಯತೆ ಎಲ್ಲ ನೋಡಿದ್ರೆ ಫ್ರೆಂಚ್ ಕಡೆಗೇ ವಾಲ್ತಿದೀವಿ. ಆದ್ರೂ ಎರಡು ಪ್ರಶ್ನೆ. ಮಗಳ ಮಾತಿನ ವಿಷ್ಯ, ಲೇಟಾಗಿ ಮಾತಾಡಿದ ಮಗುಗೆ ಮೂರನೇ ಭಾಷೆ ಹೇರಿದ್ರೆ ಇರೋದೂ ಹೋಗ್ಬಿಡುತ್ತಾ? ನಮ್ಮ ಕಡೆ ಒಬ್ರು ಮನೇಲಿ ಕನ್ನಡ ನಿಲ್ಲಿಸಿ, ಈಗಿಂದ್ಲೇ ಬರೀ ಇಂಗ್ಲಿಷ್ ಮಾತಾಡಿ ಅಂತಿದಾರೆ. ಇನ್ನೊಂದು, ಮಗನಿಗೆ ಎರಡೂವರೆ ಆಗೋವರೆಗೆ ಡೇಕೇರ್ ಸಿಗುತ್ತಾ?

ಔಡರ್‌ಗೆಮ್_ಅಮ್ಮ

ಕನ್ನಡ ಮಾತ್ರ ನಿಲ್ಲಿಸ್ಬೇಡಿ! ಇದಕ್ಕೋಸ್ಕರಾನೇ ಲಾಗಿನ್ ಆದೆ. ನನ್ನ ಮಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ, ಶಿವಮೊಗ್ಗದಲ್ಲಿದ್ದಾಗ ಸ್ಪೀಚ್ ಥೆರಪಿಗೆ ಹೋಗ್ತಿದ್ವಿ, ನಾಲ್ಕೂವರೆಗೆ ಇಲ್ಲಿ ಫ್ರೆಂಚ್ ಮಾತೆರ್ನೆಲ್‌ಗೆ ಹಾಕಿದ್ವಿ. ಮೊದಲ 3 ತಿಂಗಳು ಸ್ಕೂಲಲ್ಲಿ ಒಂದು ಮಾತಾಡ್ಲಿಲ್ಲ. ಒಂದೇ ಒಂದು ಮಾತೂ ಇಲ್ಲ. ಟೀಚರ್ ಕೈ ಹಿಡ್ಕೊಂಡು ಓಡಾಡ್ತಿದ್ಳಂತೆ ಅಷ್ಟೇ. ನಾನು ದಿನಾ ಗೇಟ್ ಹತ್ರ ನಿಂತು ಅಳ್ತಿದ್ದೆ. ಟೀಚರ್ ಮಾತ್ರ ಕಾಯೋಣ, ಹೊಸ ಭಾಷೆಗೆ ಬಂದ ಮಕ್ಕಳು ಹೀಗೆ ಸುಮ್ನೆ ಕೇಳಿಸ್ಕೊಳೋ ಸಮಯ ಒಂದು ಇರುತ್ತೆ, ಅವಳು ಕೇಳಿಸ್ಕೋತಿದಾಳೆ ಅಂತಿದ್ರು. ಇಲ್ಲಿ ಸ್ಪೀಚ್ ಥೆರಪಿಸ್ಟ್‌ಗೆ ಲೋಗೋಪೆಡ್ ಅಂತಾರೆ, ಅವರ ಹತ್ರನೂ ಹೋದ್ವಿ, ಅವ್ರು ಹೇಳಿದ್ದೂ ಅದೇ, ಹೆಚ್ಚು ಭಾಷೆ ಇರೋದ್ರಿಂದ ಮಾತು ತಡ ಆಗಲ್ಲ, ನಿಮಗೆ ಯಾವ ಭಾಷೆ ಮನಸಿಂದ ಬರುತ್ತೋ ಅದರಲ್ಲೇ ಮಾತಾಡಿ, ಅದು ಗಟ್ಟಿಯಾಗಿದ್ರೆ ಅದರ ಮೇಲೇ ಮಗು ಹೊಸದನ್ನ ಕಟ್ಕೊಳುತ್ತೆ ಅಂತ. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರ್ಲಿ, ಬಿದ್ದಾಗ ಎತ್ಕೊಂಡು ಸಮಾಧಾನ ಮಾಡೋ ಭಾಷೆ ಅದಲ್ಲ ಅಲ್ವಾ.

ಡಿಸೆಂಬರ್‌ನಲ್ಲಿ ಒಂದಿನ ಪಾರ್ಕಲ್ಲಿ ಮರಳಾಟ ಆಡ್ತಿದ್ಳು, ಚಳಿ ಬೇರೆ, ಇನ್ನೊಂದು ಹುಡುಗ ಬಂದು ಅವಳ ಬಕೆಟ್ ಎಳ್ಕೊಂಡ. ಇವಳು ಎದ್ದು ನಿಂತು ‘ನೋಂ, ಸೆ ಆ ಮುಆ!’ ಅಂತ ಕಿರುಚಿದ್ಳು. ಇಲ್ಲ, ಅದು ನಂದು ಅಂತ. ಅದು ನಾನು ಕೇಳಿದ ಅವಳ ಮೊದಲ ಫ್ರೆಂಚ್ ವಾಕ್ಯ. ಆ ಬೆಂಚು ಔಡರ್‌ಗೆಮ್‌ನಲ್ಲಿ ಇವತ್ತಿಗೂ ಇದೆ, ಅಲ್ಲಿ ಕೂತಾಗೆಲ್ಲ ನೆನಪಾಗುತ್ತೆ. ಈಗ ಎರಡನೇ ಕ್ಲಾಸು, ನನ್ನ ಫ್ರೆಂಚ್ ತಿದ್ದುತ್ತಾಳೆ. ಇನ್ನೊಂದು ವಿಷ್ಯ, ಇಲ್ಲಿ ಎಪ್ಪತ್ತಕ್ಕೆ ಸೆಪ್ಟಾಂತ್, ತೊಂಬತ್ತಕ್ಕೆ ನೊನಾಂತ್ ಅಂತಾರೆ, ಪ್ಯಾರಿಸ್‌ನೋರ ತರ ಅರವತ್ತು ಕೂಡಿಸು ಹತ್ತು ಅಂತೆಲ್ಲ ಇಲ್ಲ, ನಮ್ಮ ಮಕ್ಕಳಿಗೆ ಮಗ್ಗಿ ಕಲಿಯೋಕೆ ಅದು ಎಷ್ಟೋ ಸುಲಭ ಆಯ್ತು. ಮೂರನೇ ಕ್ಲಾಸಿಂದ ಡಚ್ಚೂ ಹೇಳ್ಕೊಡ್ತಾರೆ, ಹಾಗಾಗಿ ಫ್ರೆಂಚ್ ತಗೊಂಡ್ರೆ ಡಚ್ ಪೂರ್ತಿ ತಪ್ಪಿಹೋಯ್ತು ಅಂತಲ್ಲ.

ಕ್ರೆಶ್ (ಇಲ್ಲಿನ ಡೇಕೇರ್) ವಿಷ್ಯ ಮಾತ್ರ ಕಷ್ಟ ಅಂತ ನೇರವಾಗಿ ಹೇಳ್ತೀನಿ. ಇಲ್ಲಿನೋರು ಬಸುರಿ ಇದ್ದಾಗ್ಲೇ ಹೆಸರು ಬರೆಸ್ತಾರೆ. ಸರ್ಕಾರದ ಸಬ್ಸಿಡಿ ಇರೋ ಕ್ರೆಶ್‌ನಲ್ಲಿ ನಿಮ್ಮ ಆದಾಯ ನೋಡಿ ಫೀಸ್ ಹಾಕ್ತಾರೆ, ಅದು ಸಿಕ್ಕಿದ್ರೆ ಅದೃಷ್ಟ, ಪ್ರೈವೇಟ್ ಆದ್ರೆ ದುಬಾರಿ. ಈಗಿಂದ್ಲೇ ವೇಟಿಂಗ್ ಲಿಸ್ಟಿಗೆ ಹಾಕಿ, ಆದ್ರೆ ಮೊದಲ ವರ್ಷ ಮಗ ನಿಮ್ಮ ಜೊತೆನೇ ಇರ್ತಾನೆ ಅಂದ್ಕೊಂಡೇ ಪ್ಲಾನ್ ಮಾಡಿ. ಆ ವರ್ಷ ನಾನು ಏನು ಮಾಡ್ದೆ ಅಂದ್ರೆ, ವಾರಕ್ಕೆ ಎರಡು ಸಂಜೆ ನಮ್ಮನೆಯವ್ರು ಬಂದ್ಮೇಲೆ ಫ್ರೆಂಚ್ ಕ್ಲಾಸಿಗೆ ಹೋದೆ. ಸ್ಕೂಲ್ ಗೇಟ್ ಹತ್ರ ಬೇರೆ ಅಮ್ಮಂದಿರ ಜೊತೆ ಎರಡು ಮಾತಾಡೋಕೆ ಬಂದಿದ್ದೇ ತಡ, ಬರ್ತ್‌ಡೇಗೆ ಕರೆಯೋಕೆ ಶುರು ಮಾಡಿದ್ರು, ಊರು ನಮ್ಮದು ಅನ್ನಿಸ್ತು.

ಔಡರ್‌ಗೆಮ್, ಅದರ ಪಕ್ಕದ ಬ್ವಾಫೋರ್ ಎರಡೂ ಶಾಂತ, ಕಾಡು ಹತ್ರ. ಏಪ್ರಿಲ್‌ನಲ್ಲಿ ಬ್ವಾಫೋರ್‌ನ ಲೊಜಿ ಫ್ಲೋರೆಯಾಲ್ ಅನ್ನೋ ಬಡಾವಣೆ ರಸ್ತೆಯೆಲ್ಲ ಚೆರಿ ಹೂವಿಂದ ಗುಲಾಬಿ ಆಗಿರುತ್ತೆ. ಆದ್ರೆ ಡೀಗೆಮ್‌ಗೆ ದಿನಾ ಹೋಗ್ಬೇಕು, ಕಾರಿಲ್ಲ ಅಂದ್ರೆ ನಿಮಗೆ ನಮ್ಮ ಕಡೆಗಿಂತ ವೊಲುವೆ ಸ್ಯಾಂ ಲಾಂಬೇರ್‌ನ ಎವೆರ್ ಕಡೆ ಭಾಗ ಒಳ್ಳೇದು ಅನ್ಸುತ್ತೆ. ಕರಿಬೇವು ನುಗ್ಗೇಕಾಯಿ ಬೇಕಂದ್ರೆ ಇಕ್ಸೆಲ್‌ನ ಮತೊಂಗೆ ಕಡೆ ಹೋಗಿ.

ವೊಲುವೆ_9_ವರ್ಷ

ಔಡರ್‌ಗೆಮ್ ಮೇಡಂ ಹೇಳಿದ್ದು ಸರಿ. ರೂಡೆಬೀಕ್ ಮೆಟ್ರೋ ಸುತ್ತಮುತ್ತ ನೋಡಿ, ಲಿಫ್ಟ್ ಇರೋ 60-70ರ ದಶಕದ ಬಿಲ್ಡಿಂಗ್‌ಗಳು ತುಂಬಾ ಇದಾವೆ, ನೋಡೋಕೆ ಸಾಧಾರಣ, ಆದ್ರೆ ರೂಮು ದೊಡ್ಡದು, ಬಾಲ್ಕನಿ ಇರುತ್ತೆ, ನಿಮ್ಮ ಅತ್ತೆಗೂ ಅನುಕೂಲ. ಎನರ್ಜಿ ಸರ್ಟಿಫಿಕೇಟ್ ಯಾವ ಅಕ್ಷರ ಅಂತ ಮಾತ್ರ ಕೇಳಿ, ಎಫ್ ಜಿ ಅಂತಿದ್ರೆ ಚಳಿಗಾಲದಲ್ಲಿ ಗ್ಯಾಸ್ ಬಿಲ್ಲಿಗೆ ಬಾಡಿಗೆ ಉಳಿಸಿದ್ದೆಲ್ಲ ಹೋಗುತ್ತೆ. ಮಕ್ಕಳಿಗೆ 12 ವರ್ಷದೊಳಗೆ ಬ್ರಸೆಲ್ಸಿನ ಟ್ರಾಮ್ ಬಸ್ಸು ಮೆಟ್ರೋ ಫ್ರೀ.

ಮನೆಗೆ ಬಂದ 8 ವರ್ಕಿಂಗ್ ದಿನದೊಳಗೆ ಕಮ್ಯೂನಲ್ಲಿ ರಿಜಿಸ್ಟರ್ ಮಾಡ್ಬೇಕು, ಆಮೇಲೆ ಏರಿಯಾ ಪೊಲೀಸು ನೀವು ನಿಜವಾಗ್ಲೂ ಅಲ್ಲಿದೀರಾ ಅಂತ ನೋಡೋಕೆ ಮನೆಗೇ ಬರ್ತಾರೆ, ಗಾಬರಿ ಬೇಡ. ಕಾಲಿಂಗ್ ಬೆಲ್ ಮೇಲೆ, ಪೋಸ್ಟ್ ಬಾಕ್ಸ್ ಮೇಲೆ ಮನೆಯವ್ರೆಲ್ಲರ ಸರ್‌ನೇಮ್ ಅಂಟಿಸಿ. ನಮ್ಮಲ್ಲಿ ಗಂಡ ಹೆಂಡತಿ ಮಕ್ಕಳದ್ದು ಬೇರೆ ಬೇರೆ ಇರುತ್ತಲ್ಲ, ಎಲ್ಲಾನೂ ಹಾಕಿ, ಒಂದು ಬಿಟ್ಟು ನಮ್ಮ ಹೆಂಡತಿ ರೆಸಿಡೆನ್ಸ್ ಕಾರ್ಡು ಎರಡು ತಿಂಗಳು ತಡ ಆಯ್ತು.

ಹೊರಡೋ ಮುಂಚೆ ಮಕ್ಕಳ ಬರ್ತ್ ಸರ್ಟಿಫಿಕೇಟು, ನಿಮ್ಮ ಮದುವೆ ಸರ್ಟಿಫಿಕೇಟು ಅಪಾಸ್ಟಿಲ್ (ಬೇರೆ ದೇಶದಲ್ಲೂ ಒಪ್ಪೋ ಸರ್ಕಾರಿ ದೃಢೀಕರಣ) ಮಾಡ್ಸಿ, ಇಲ್ಲಿಂದ ಅದನ್ನ ಮಾಡಿಸೋದು ದೊಡ್ಡ ತಲೆನೋವು. ಟ್ರಾನ್ಸ್‌ಲೇಷನ್ ಮಾತ್ರ ಅಲ್ಲಿ ಮಾಡಿಸ್ಬೇಡಿ, ಇಲ್ಲಿನ ಪ್ರಮಾಣಿತ ಅನುವಾದಕರ ಹತ್ರ, ಅದೂ ಮನೆ ಪಕ್ಕಾ ಆದ್ಮೇಲೆ ಮಾಡ್ಸಿ. ಫ್ರೆಂಚ್‌ಗೆ ಮಾಡಿಸ್ಕೊಂಡು ಕೊನೆಗೆ ಜಾವೆಂಟೆಮ್‌ಗೆ ಹೋದ್ರೆ ಮತ್ತೆ ಡಚ್‌ಗೆ ದುಡ್ಡು ಕೊಡ್ಬೇಕಾಗುತ್ತೆ.

ಹಾಸನದವಳು

ಇದು ಗೊತ್ತೇ ಇರ್ಲಿಲ್ಲ, ಇವತ್ತೇ ಒಂದು ಏಜೆನ್ಸಿಗೆ ಫ್ರೆಂಚ್ ಟ್ರಾನ್ಸ್‌ಲೇಷನ್‌ಗೆ ಅಡ್ವಾನ್ಸ್ ಕೊಡೋರಿದ್ವಿ, ನಿಲ್ಲಿಸ್ದೆ. ಸರ್ಟಿಫಿಕೇಟಲ್ಲಿ ಕನ್ನಡ ಇಂಗ್ಲಿಷ್ ಎರಡೂ ಇದೆ, ಅದನ್ನೇ ನಾಳೆ ಅಪಾಸ್ಟಿಲ್‌ಗೆ ಕೊಡ್ತೀವಿ. ರೂಡೆಬೀಕ್ ಹತ್ರ 3 ಸ್ಕೂಲು ಮ್ಯಾಪಲ್ಲಿ ಗುರುತು ಮಾಡಿದೀನಿ, ಇವತ್ತು ರಾತ್ರಿನೇ ಮೇಲ್ ಹಾಕ್ತೀನಿ. ಮಗಳಿಗೆ ಸೆ ಆ ಮುಆ ಹೇಳ್ಕೊಟ್ಟೆ, ಬೆಳಿಗ್ಗೆಯಿಂದ ತಮ್ಮನ ಆಟದ ಸಾಮಾನನ್ನೆಲ್ಲ ಕಿತ್ಕೊಂಡು ಅದನ್ನೇ ಹೇಳ್ತಿದಾಳೆ.